ಇಬ್ಬರಲ್ಲಿ ಯಾರನ್ನು ಬಿಡಿಸಲಿ ಅಂತ ಕೇಳಿದ್ದೀರಿ, ಮೂರನೆಯವನನ್ನು ಮರೆತಿದ್ದೀರಿ

ಬಳ್ಳಾರಿಯಿಂದ ಬಂದ ಈ ಪತ್ರ ಓದಿ ಸಿಟ್ಟು ಬಂತು. ಬರೆದ ತಂಗಿಯ ಮೇಲಲ್ಲ. ಸರಿ, ಅವರ ಮೇಲೂ ಸ್ವಲ್ಪ.

ಜೀನ್ಸ್ ಹೊಲಿಯುವ ಘಟಕ, 60ಕ್ಕೂ ಹೆಚ್ಚು ಜನ, ಇವರು ಸೂಪರ್‌ವೈಸರ್. ಒಬ್ಬ ಹಿರಿಯ ಟೈಲರ್‌ಗೂ ಹೊಸದಾಗಿ ಬಂದ ಹುಡುಗನಿಗೂ ಬೆಳಗಾದರೆ ಜಗಳ. ಪ್ರತಿ ಸಲ ಇವರು ಇಬ್ಬರನ್ನೂ ಕರೆದು, ಚಹಾ ಕುಡಿಸಿ, "ಅಣ್ಣಾ ನೀವು ದೊಡ್ಡವರು, ತಮ್ಮಾ ನೀನು ಸುಮ್ನಿರು" ಅಂತ ಸಮಾಧಾನ ಮಾಡಿ ಕಳಿಸುತ್ತಾರೆ. ಹೋದ ಶನಿವಾರ ಬಟವಾಡೆ ಹೊತ್ತಿಗೆ ಹಿರಿಯರು ಕತ್ತರಿ ಎಸೆದರು. ಪುಣ್ಯಕ್ಕೆ ಯಾರಿಗೂ ತಾಗಲಿಲ್ಲ. ಇಬ್ಬರಲ್ಲಿ ಒಬ್ಬರನ್ನು ಕೆಲಸದಿಂದ ಬಿಡಿಸಿ ಅಂತ ಮಾಲೀಕರು ಹೇಳಿದ್ದಾರೆ. ಯಾರನ್ನು ಅನ್ನೋದು ಪ್ರಶ್ನೆ.

ತಂಗಿ, ಹಿರಿಯರ ಬಾಯಿ ಬಗ್ಗೆ ಒಂದು ಪುಟ ಬರೆದಿದ್ದೀರಿ, ಹುಡುಗನ ಮೊಬೈಲ್ ಬಗ್ಗೆ ಅರ್ಧ ಪುಟ. ನಡುವೆ ಒಂದು ಸಾಲು ಮಾತ್ರ ಹಾಗೇ ತೇಲಿಸಿಬಿಟ್ಟಿದ್ದೀರಿ: "ಬೆಳಿಗ್ಗೆ ಬಂಡಲ್ ಹಂಚೋದು ಮಾಲೀಕರ ಬಾಮೈದ, ಅದಕ್ಕೂ ನನಗೂ ಸಂಬಂಧ ಇಲ್ಲ." ಸಂಬಂಧ ಇಲ್ವಾ? ಜಗಳ ಇರೋದೇ ಆ ಬಂಡಲ್‌ನಲ್ಲಿ.

ಹೊಲಿಗೆ ಗೊತ್ತಿಲ್ಲದ ಓದುಗರಿಗೆ ಹೇಳುತ್ತೇನೆ. ಬಂಡಲ್ ಅಂದರೆ ಹೊಲಿಯೋಕೆ ಕೊಡುವ, ಕತ್ತರಿಸಿದ ಬಟ್ಟೆಯ ಕಟ್ಟು. ಅಲ್ಲಿ ಕೂಲಿ ಪೀಸ್ ಲೆಕ್ಕ, ಎಷ್ಟು ಪೀಸ್ ಹೊಲಿದರೆ ಅಷ್ಟು ದುಡ್ಡು. ತೆಳು ಸ್ಟ್ರೆಚ್ ಬಟ್ಟೆ ಮಷಿನ್ ಕೆಳಗೆ ಸರ್ರನೆ ಓಡುತ್ತದೆ. ದಪ್ಪ ಡೆನಿಮ್ ಹಾಗಲ್ಲ. ಬೆಲ್ಟ್ ಕೂಡಿಸುವಲ್ಲಿ, ಲೂಪ್ ಹಾಕುವಲ್ಲಿ ಪದರದ ಮೇಲೆ ಪದರ ಸೇರಿ ಸೂಜಿ ಟಕ್ ಅಂತ ಮುರಿಯುತ್ತದೆ, ಮಷಿನ್ ನಿಲ್ಲಿಸಬೇಕು, ಸೂಜಿ ಬದಲಿಸಬೇಕು, ದಾರ ಪೋಣಿಸಬೇಕು, ಅಷ್ಟರಲ್ಲಿ ಪಕ್ಕದವನು ಇನ್ನೊಂದು ಪ್ಯಾಂಟ್ ಮುಗಿಸಿರುತ್ತಾನೆ. ನಿಮ್ಮಲ್ಲಿ ರೇಟ್ ಎರಡಕ್ಕೂ ಒಂದೇ. ಮೇಲೆ ಆಲ್ಟರ್ ಬೇರೆ. ಚೆಕಿಂಗ್‌ನಿಂದ ವಾಪಸ್ ಬಂದ ಪೀಸ್ ಬಿಚ್ಚಿ ಹೊಲಿದರೆ ಒಂದು ಪೈಸೆ ಇಲ್ಲ.

ನೀವೇ ಬರೆದಿದ್ದೀರಿ, ದಪ್ಪ ಬಟ್ಟೆ "ಅನುಭವ ಇದೆ ಅಂತ" ಹಿರಿಯರಿಗೆ. ಬೇರೆಯವರು ಕೆಡಿಸಿದ ಆಲ್ಟರ್ ಕೂಡ ಅವರಿಗೇ. ತೆಳು ಬಟ್ಟೆ ಬಾಮೈದನ ಜೊತೆ ಕ್ರಿಕೆಟ್ ಆಡುವ ಹುಡುಗನಿಗೆ. ಶನಿವಾರ ಇಬ್ಬರೂ ನೋಟು ಎಣಿಸುತ್ತಾರೆ, ಇಷ್ಟು ವರ್ಷ ಮಷಿನ್ ತುಳಿದವರ ಕೈಗೆ ಕಡಿಮೆ, ನಿನ್ನೆ ಬಂದವನ ಕೈಗೆ ಜಾಸ್ತಿ. ತಗಡಿನ ಚಾವಣಿ ಕೆಳಗೆ, ಬಳ್ಳಾರಿಯ 40 ಡಿಗ್ರಿ ಬಿಸಿಲಲ್ಲಿ. ಕತ್ತರಿ ಎಸೆದದ್ದು ತಪ್ಪೇ, ಅದಕ್ಕೆ ಬರೆದು ಎಚ್ಚರಿಕೆ ಕೊಡಿ. ಆದರೆ ಅವರನ್ನು ಬಿಡಿಸೋದು ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗೆ. ಹುಡುಗನದೂ ತಪ್ಪಿಲ್ಲ, ಕೊಟ್ಟಿದ್ದನ್ನು ಹೊಲಿದಿದ್ದಾನೆ.

ಈ ಅಂಕಣ ಓದುವವರಿಗೆ ನನ್ನ ಹಳೇ ರಾಗ ಗೊತ್ತು: ಕೆಲಸದ ಜಾಗದ ಜಗಳದಲ್ಲಿ ಮೊದಲು ಲೆಕ್ಕ ನೋಡಿ, ಆಮೇಲೆ ಸ್ವಭಾವ. ಚಹಾ ಕುಡಿಸಿ ಸಮಾಧಾನ ಮಾಡುವ ಮೇಲಧಿಕಾರಿಗಳನ್ನು ಕಂಡರೆ ನನಗೆ ಆಗಲ್ಲ. ಅವರು ಒಳ್ಳೆಯವರು, ಎಲ್ಲರಿಗೂ ಬೇಕಾದವರು, ಕಠಿಣ ಅನ್ನಿಸೋ ಒಂದೇ ಒಂದು ಕೆಲಸ ಇನ್ನೊಬ್ಬರ ಕೈಗೆ ಬಿಟ್ಟುಕೊಟ್ಟು ಅದರಿಂದ ಹುಟ್ಟಿದ ಗಲಾಟೆ ಬಿಡಿಸುತ್ತಾ ದಿನ ಕಳೆಯುತ್ತಾರೆ. ನೀವೂ ಅದನ್ನೇ ಮಾಡಿದ್ದೀರಿ ಅಲ್ವಾ?

ಮಾಡಬೇಕಾದ್ದು ಒಂದೇ. ಸೋಮವಾರದಿಂದ ಬಂಡಲ್ ನೀವೇ ಹಂಚಿ. ದಪ್ಪ ಬಟ್ಟೆ ಸರದಿ ಪ್ರಕಾರ ಎಲ್ಲರಿಗೂ, ಆಲ್ಟರ್ ಕೆಡಿಸಿದವರಿಗೇ ವಾಪಸ್, ಯಾರಿಗೆ ಯಾವ ಬಂಡಲ್ ಅಂತ ಕೆಲಸ ಶುರುವಾಗೋ ಮುಂಚೆ ಗೋಡೆ ಮೇಲೆ. ಕೆಲಸದ ವೇಳೆಯನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ವೇಳೆಗೆ ಬೋರ್ಡ್ ಇರಬಹುದಾದರೆ ಬಂಡಲ್‌ಗೆ ಯಾಕಿರಬಾರದು?

ಮಾಲೀಕರು ಮನೆಯವರ ಮಾತಿಗೆ ಹೆದರಿ ಹಿಂದೆ ಮುಂದೆ ನೋಡಬಹುದು. ಆಗ ನ್ಯಾಯ ಅನ್ಯಾಯ ಅಂತ ಕೂರಬೇಡಿ, ನಷ್ಟ ತೋರಿಸಿ. ದಪ್ಪ ಡೆನಿಮ್ ಮೇಲೆ ಕೈ ಕೂತ ಟೈಲರ್ ಹೊರಗೆ ಹೋದರೆ ಬಳ್ಳಾರಿಯಲ್ಲಿ ಇನ್ನೊಂದು ಘಟಕ ಅವರನ್ನು ಕರೆದು ಕೂರಿಸುತ್ತದೆ. ಇನ್ನೂ ಒಂದು, ಪೀಸ್ ಲೆಕ್ಕ ಅಂದ ಮಾತ್ರಕ್ಕೆ ಸರ್ಕಾರದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ. 1948ರ ಕನಿಷ್ಠ ವೇತನ ಕಾಯ್ದೆಯಲ್ಲೂ ಹಾಗೇ ಇತ್ತು, 2019ರ ವೇತನ ಸಂಹಿತೆಯಲ್ಲೂ ಹಾಗೇ ಇದೆ. ದಪ್ಪ ಬಟ್ಟೆ, ಆಲ್ಟರ್ ಎರಡೂ ಒಬ್ಬರ ತಲೆಗೇ ಬಿದ್ದ ವಾರ ಅವರಿಗೆ ಎಷ್ಟು ಸಿಕ್ಕಿತು, ಲೆಕ್ಕ ಹಾಕಿ ಮಾಲೀಕರ ಟೇಬಲ್ ಮೇಲಿಡಿ.

ಬಾಮೈದನಿಗೆ ವಾಷಿಂಗ್‌ಗೆ ಮಾಲು ಕಳಿಸುವ ಕೆಲಸ ಕೊಡಲಿ. ಓಡಾಟ ಇರುತ್ತೆ, ಅವನಿಗೂ ಇಷ್ಟ ಆಗಬಹುದು.

ಒಂದೆರಡು ಬಟವಾಡೆ ಆದ ಮೇಲೆ ಆ ಇಬ್ಬರ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ. ದುಡ್ಡು ಸರಿಹೋದ ಮೇಲೂ ಹಿರಿಯರು ಬಾಯಿ ಮಾಡಿದರೆ ಮತ್ತೆ ಬರೆಯಿರಿ, ಆಗ ಅವರ ಬಾಯಿ ಬಗ್ಗೆ ಮಾತಾಡೋಣ.