ಡಿಎನ್‌ಎ ವಿಜ್ಞಾನಿಯಾಗಿ ಸರ್ಕಾರಿ ಅಪರಾಧ ಪ್ರಯೋಗಾಲಯ ಸೇರಿದರೆ ನೊಂದವರಿಗೆ ನ್ಯಾಯ ಕೊಡಿಸಬಹುದೇ?

ದಾವಣಗೆರೆಯಲ್ಲಿ ಎಂ.ಎಸ್‌ಸಿ. ಮುಗಿಸಿದ್ದೀರಿ, ಮನೆಯವರು ಖಾಸಗಿ ರಕ್ತಪರೀಕ್ಷಾ ಲ್ಯಾಬ್ ಸೇರು ಎನ್ನುತ್ತಾರೆ, ನಿಮಗೆ ಮಾತ್ರ ಸರ್ಕಾರಿ ಪ್ರಯೋಗಾಲಯದಲ್ಲಿ ಡಿಎನ್‌ಎ ಪರೀಕ್ಷೆ ಮಾಡಿ ನೊಂದವರಿಗೆ ನ್ಯಾಯ ಕೊಡಿಸುವ ಆಸೆ. ತೋಳಹುಣಸೆಯ ಕ್ಯಾಂಪಸ್ಸಿನಿಂದ ಹೊರಬಿದ್ದ ವರ್ಷ ನಾನೂ ಅಪ್ಪನ ಮುಂದೆ ಇದೇ ಮಾತನ್ನು ಹೇಳಿದ್ದೆ. ಆಮೇಲೆ ಆದದ್ದನ್ನು ಬರೆಯುತ್ತೇನೆ. ಪ್ರಯೋಗಾಲಯದ ಹೆಸರು ಬೇಡ. ತಪ್ಪು ನನ್ನದೇ ಆಗಿತ್ತು.

ಸೇರಿದ ಎರಡನೆಯ ವರ್ಷ ಒಂದು ಕೊಲೆ ಪ್ರಕರಣದ ಮುದ್ದೆಮಾಲು ನನ್ನ ಮೇಜಿಗೆ ಬಂತು. ಮೂರನೆಯ ಪೊಟ್ಟಣದಲ್ಲಿ ಆರೋಪಿಯ ಪಂಚೆ, ನಾಲ್ಕನೆಯದರಲ್ಲಿ ಮೃತನ ಬಿಳಿ ಟವೆಲ್ಲು. ಟವೆಲ್ಲು ಚಿತ್ರದುರ್ಗದ ಕಡೆಯ ಈರುಳ್ಳಿ ಹೊಲವೊಂದರ ಹಸಿ ಮಣ್ಣಿನಲ್ಲಿ ನಾಲ್ಕು ದಿನ ಬಿದ್ದಿತ್ತು. ಎರಡರಲ್ಲೂ ತೊಗರಿಬೇಳೆಯಷ್ಟಗಲದ ಒಂದೊಂದೇ ಕಲೆ. ಮೃತನ ರಕ್ತ ಅವನದೇ ಟವೆಲ್ಲಿನಲ್ಲಿ ಸಿಕ್ಕರೆ ಅದರಿಂದ ಯಾರ ಮೇಲೂ ಏನೂ ಸಾಬೀತಾಗುವುದಿಲ್ಲ. ಆರೋಪಿಯ ಪಂಚೆಯಲ್ಲಿ ಸಿಕ್ಕರೆ ಇಡೀ ಪ್ರಕರಣ ಅದರ ಮೇಲೆ ನಿಲ್ಲುತ್ತದೆ.

ಒಂದು ಪೊಟ್ಟಣದ ಕೆಲಸ ಪೂರ್ತಿ ಮುಗಿದು, ಮೇಜು ಒರೆಸಿ, ಕೈಗವಸು ಬದಲಿಸಿದ ಮೇಲೆಯೇ ಇನ್ನೊಂದರ ಅರಗಿನ ಮೊಹರು ಒಡೆಯಬೇಕು. ಅಷ್ಟರಮಟ್ಟಿಗೆ ನಾನು ಸರಿಯಾಗಿಯೇ ನಡೆದುಕೊಂಡೆ. ಕಲೆಗಳನ್ನು ಕತ್ತರಿಸಿ ಎರಡು ಪುಟ್ಟ ನಳಿಕೆಗಳಿಗೆ ಹಾಕಿ, ಮುಚ್ಚಳದ ಮೇಲೆ ಮಾರ್ಕರ್ ಪೆನ್ನಿನಲ್ಲಿ 3, 4 ಎಂದು ಬರೆದೆ. ಮುಚ್ಚಳದ ಮೇಲೆ ಮಾತ್ರ. ನಳಿಕೆಯ ಮೈಮೇಲೆ ಬರೆಯಲಿಲ್ಲ. ಸ್ವಲ್ಪ ಹೊತ್ತಿನ ನಂತರ, ಮೇಜು ಒರೆಸಿದ ಆಲ್ಕೋಹಾಲು ಇನ್ನೂ ಆರದಿದ್ದ ಕೈಗವಸಿನಲ್ಲಿಯೇ ಎರಡನ್ನೂ ಎತ್ತಿಕೊಂಡೆ. ಸ್ಟ್ಯಾಂಡಿಗೆ ಮರಳಿ ಇಟ್ಟು ನೋಡಿದರೆ ಎರಡು ಮುಚ್ಚಳಗಳ ಮೇಲೂ ನೀಲಿ ಮಸಿ ಹರಡಿಕೊಂಡು ಅಂಕಿಯೇ ಇರಲಿಲ್ಲ.

ನನಗೆ ಗಾಬರಿಯೇನೂ ಆಗಲಿಲ್ಲ, ಏಕೆಂದರೆ ಟವೆಲ್ಲಿನ ತುಂಡು ಬಿದ್ದಿದ್ದ ದ್ರಾವಣ ಮಣ್ಣಿನಿಂದಾಗಿ ಚಹಾದ ಬಣ್ಣಕ್ಕೆ ತಿರುಗಿತ್ತು, ಪಂಚೆಯದು ಹೆಚ್ಚುಕಡಿಮೆ ತಿಳಿಯಾಗಿತ್ತು. ಯಾವುದು ಯಾವುದೆಂದು ಕಣ್ಣಿಗೇ ಕಾಣುತ್ತಿತ್ತು. ಅಂಕಿಗಳನ್ನು ಮತ್ತೆ ಬರೆದು ಕೆಲಸ ಮುಂದುವರಿಸಿದೆ. ‘ಮುಚ್ಚಳದ ಅಂಕಿ ಅಳಿಸಿತು, ದ್ರಾವಣದ ಬಣ್ಣ ನೋಡಿ ಗುರುತಿಸಿ ಮತ್ತೆ ಬರೆಯಲಾಯಿತು’ ಎಂಬ ಒಂದು ಸಾಲು, ಅದರ ಮುಂದೆ ಹೊತ್ತು, ನನ್ನ ಸಹಿ, ಪಕ್ಕದ ಮೇಜಿನ ಸಹೋದ್ಯೋಗಿಯನ್ನು ಕರೆದು ತೋರಿಸಿ ಅವರ ಸಹಿ, ಇಷ್ಟಿದ್ದರೆ ಸಾಕಾಗಿತ್ತು. ಬರೆಯಲು ಒಂದು ನಿಮಿಷ ಬೇಕಿತ್ತು. ಊಟದ ಹೊತ್ತಾಗಿತ್ತು. ಪರೀಕ್ಷೆಯ ಪ್ರತಿ ಹಂತವನ್ನೂ ದಾಖಲಿಸುವ ಕಾರ್ಯಪತ್ರವನ್ನು ಮರುದಿನ ಬೆಳಿಗ್ಗೆ ನೆನಪಿನಿಂದ ತುಂಬಿದೆ, ತುಂಬುವಾಗ ಕೈತಪ್ಪಿ ಒಂದು ಕಡೆ 4 ಎಂದು ಬರೆದು ಅದರ ಮೇಲೆಯೇ 3 ತಿದ್ದಿದೆ, ತಿದ್ದಿದ್ದಕ್ಕೆ ಚುಟುಕು ಸಹಿಯನ್ನೂ ಹಾಕಲಿಲ್ಲ. ಆ ವೇಳೆಗೆ ಬಟ್ಟೆಯ ತುಂಡುಗಳು ಕಸಕ್ಕೆ ಹೋಗಿದ್ದವು, ಮತ್ತೆ ಕತ್ತರಿಸಲು ಕಲೆಯೂ ಉಳಿದಿರಲಿಲ್ಲ.

ಪರೀಕ್ಷೆ ಚೆನ್ನಾಗಿಯೇ ಆಯಿತು. ಪಿಸಿಆರ್ ಯಂತ್ರದಲ್ಲಿ ಪ್ರತಿ ಸುತ್ತಿಗೂ ಡಿಎನ್‌ಎ ಇಮ್ಮಡಿಯಾಗುತ್ತದೆ. ಲೆಕ್ಕದ ಪ್ರಕಾರ 28 ಸುತ್ತು ಮುಗಿಯುವಾಗ ಒಂದು ಪ್ರತಿ 26 ಕೋಟಿಯನ್ನು ದಾಟುತ್ತದೆ. 3ನೆಯ ನಳಿಕೆಯಿಂದ ಬಂದ ಪೂರ್ಣ ಡಿಎನ್‌ಎ ನಕ್ಷೆ ಮೃತನದಕ್ಕೆ ಪ್ರತಿ ಸ್ಥಾನದಲ್ಲೂ ಹೊಂದಿತು. 4ರಲ್ಲಿ ಏನೂ ಬರಲಿಲ್ಲ. ಅದರಲ್ಲಿ ಆಶ್ಚರ್ಯವೂ ಇರಲಿಲ್ಲ: ತೇವದಲ್ಲಿ ಡಿಎನ್‌ಎ ಕೊಳೆಯುತ್ತದೆ, ಮಣ್ಣಿನ ಹ್ಯೂಮಿಕ್ ಆಮ್ಲ ಪಿಸಿಆರ್ ಕಿಣ್ವವನ್ನೇ ತಡೆಯುತ್ತದೆ.

ಎರಡು ವರ್ಷ ಕಳೆದು ಸಮನ್ಸ್ ಬಂದಾಗ ಬೆಳಗಿನ ಬಸ್ಸಿಗೆ ಚಿತ್ರದುರ್ಗಕ್ಕೆ ಹೋದೆ. ದಾರಿಯುದ್ದಕ್ಕೂ ಅಲೀಲುಗಳ (ಡಿಎನ್‌ಎಯ ಒಂದೇ ಸ್ಥಾನದಲ್ಲಿ ಕಾಣುವ ಬೇರೆ ಬೇರೆ ರೂಪಗಳ) ಬಗ್ಗೆ, ಸಂಭವನೀಯತೆಯ ಲೆಕ್ಕದ ಬಗ್ಗೆ ಓದಿಕೊಂಡಿದ್ದೆ. ಪಾಟಿ ಸವಾಲಿನಲ್ಲಿ ವಕೀಲರು ಅದರ ಗೊಡವೆಗೇ ಹೋಗಲಿಲ್ಲ. ಕಾರ್ಯಪತ್ರವನ್ನು ನನ್ನ ಮುಂದೆ ಹಿಡಿದು, “ಮೇಡಂ, ಇಲ್ಲಿ 4 ಇದ್ದದ್ದು 3 ಆಗಿದೆ. ಇದನ್ನು ನಳಿಕೆ ನೋಡಿ ಬರೆದಿರೋ, ನೆನಪಿನಿಂದ ಬರೆದಿರೋ?” ಎಂದು ಕೇಳಿದರು. ನೆನಪಿನಿಂದ ಎಂದೆ. “ನನ್ನ ಪ್ರಶ್ನೆ ಮುಗಿಯಿತು” ಎಂದು ಕುಳಿತರು. ದ್ರಾವಣದ ಬಣ್ಣದ ವಿಷಯ ಬಾಯಿಯವರೆಗೆ ಬಂದಿತ್ತು; ಆದರೆ ಎಲ್ಲಿಯೂ ಬರೆಯದೇ ಇದ್ದದ್ದನ್ನು ಎರಡು ವರ್ಷದ ಮೇಲೆ ಕಟಕಟೆಯಲ್ಲಿ ಹೇಳಿದರೆ ನಾನೇ ಆದರೂ ನಂಬುತ್ತಿರಲಿಲ್ಲ. ನನ್ನ ವರದಿಯನ್ನು ನ್ಯಾಯಾಲಯ ಆಧಾರವಾಗಿ ತೆಗೆದುಕೊಳ್ಳಲಿಲ್ಲ, ಆರೋಪಿ ಬಿಡುಗಡೆಯಾದ. ಅವನೇ ಮಾಡಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಕಲೆ ಯಾರದೆಂಬುದು ಮಾತ್ರ ಗೊತ್ತು. ನನಗೆ ಆರು ತಿಂಗಳು ಪ್ರಕರಣಗಳನ್ನು ಕೊಡದೆ, ಬಂದ ಪೊಟ್ಟಣಗಳ ರಿಜಿಸ್ಟರ್ ಬರೆಯಲು ಕೂರಿಸಿದರು. ತಕ್ಕ ಕೆಲಸವನ್ನೇ ಕೊಟ್ಟರು ಎಂದು ಈಗ ಅನಿಸುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ನ್ಯಾಯ ಕೊಡಿಸುವುದು ನಮ್ಮ ಕೆಲಸವಲ್ಲ. ನೊಂದವರ ಪರವೆಂದು ಮನಸ್ಸಿನಲ್ಲಿಟ್ಟುಕೊಂಡು ಕುಳಿತವರ ಕಣ್ಣು, ಮಸುಕಾದ ನಕ್ಷೆಯಲ್ಲೂ ತನಗೆ ಬೇಕಾದುದನ್ನೇ ಹುಡುಕುತ್ತದೆ. ಯಂತ್ರವನ್ನು ನಂಬಿದರಾಯಿತು ಎನ್ನುವವರಿಗೆ ಜರ್ಮನಿಯ ಉದಾಹರಣೆ ಸಾಕು: ಹತ್ತಾರು ಅಪರಾಧಗಳ ಸ್ಥಳದಲ್ಲಿ ಒಬ್ಬಳೇ ಹೆಂಗಸಿನ ಡಿಎನ್‌ಎ ಸಿಕ್ಕಿತೆಂದು ಪೊಲೀಸರು ವರ್ಷಗಟ್ಟಲೆ ಹುಡುಕಿದರು, 2009ರಲ್ಲಿ ನೋಡಿದರೆ ಅದು ಮಾದರಿ ಒರೆಸುವ ಹತ್ತಿಕಡ್ಡಿಗಳಿಗೆ ಅವು ತಯಾರಾಗುವಾಗಲೇ ಅಂಟಿದ್ದ ಡಿಎನ್‌ಎ. ಅಲ್ಲಿ ಯಂತ್ರ ಸರಿಯಾಗಿಯೇ ಹೇಳಿತ್ತು, ನನ್ನ ಪ್ರಕರಣದಲ್ಲೂ ಸರಿಯಾಗಿಯೇ ಹೇಳಿತು.

ಸಂಬಳ, ಖಾಸಗಿ ಲ್ಯಾಬಿನ ಹೋಲಿಕೆ ಇವೆಲ್ಲವನ್ನೂ ಮನೆಯವರೊಂದಿಗೆ ಕುಳಿತು ಲೆಕ್ಕ ಹಾಕಿಕೊಳ್ಳಿ. ಆ ವಿಷಯದಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ. ಕೆಲಸಕ್ಕಂತೂ ಕೊರತೆಯಿರದು: 2024ರ ಜುಲೈ 1ರಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಬದಲಿಗೆ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆನ್ನುತ್ತದೆ, ಅಂದರೆ ಪೊಟ್ಟಣಗಳು ಹೆಚ್ಚುತ್ತವೆ. ಅರ್ಜಿ ಹಾಕುವ ಮೊದಲು ನಿಮ್ಮ ಎಂ.ಎಸ್‌ಸಿ. ಪ್ರಾಕ್ಟಿಕಲ್ ರೆಕಾರ್ಡನ್ನು ಅಟ್ಟದಿಂದ ಇಳಿಸಿ ನೋಡಿ. ಪ್ರಯೋಗ ಮಾಡಿದ ದಿನವೇ ಬರೆದ ಪುಟಗಳು ಎಷ್ಟು, ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಗೆಳೆಯರ ಪುಸ್ತಕ ನೋಡಿ ತುಂಬಿದವು ಎಷ್ಟು ಎಂದು ಎಣಿಸಿ. ನನ್ನ ರೆಕಾರ್ಡಿನಲ್ಲಿ ಅಂದಂದೇ ಬರೆದ ಪುಟಗಳು ಎರಡೇ ಇದ್ದವು.