ಸಂಪಾದಕರ ಉತ್ತರ: ಹಳೆಯ ಬೂಟಿನ ಹೆಂಗಸು

ಕಳೆದ ಸಂಚಿಕೆಯಲ್ಲಿ ಅಚ್ಚಾದ, ಮೇರಿ ಫಾರ್ಚೂನ್ ಎಂಬ ಲೇಖಕಿಯ ಅನುವಾದಿತ ಕಥೆಯ ಮೇಲೆ ಸಾಗರದ ಓದುಗರೊಬ್ಬರು ಮೂರು ಪುಟ ಕೆಂಡ ಕಾರಿದ್ದಾರೆ. ‘ಮನೆಯೆಲ್ಲ ಬಿಳಿ, ಉಡುವುದೆಲ್ಲ ಬಿಳಿ. ಕೆಂಪು ಕಣ್ಣಿಗೆ ಬಿತ್ತೋ, ರಾಜಕುಮಾರಿ ಮನುಷ್ಯರನ್ನೇ ಕಚ್ಚಿ ತಿನ್ನಲು ಬರುತ್ತಾಳೆ! 1867ರ ಈ ಸರಕಿಗೆ ಹತ್ತು ಪುಟ ಬೇಕಿತ್ತೆ? ಆ ಕಾಲದ ಕಥೆಗಳಲ್ಲಿ ಮಾತೆತ್ತಿದರೆ ಮೂರ್ಛೆ ಹೋಗುತ್ತಾರೆ, ಸತ್ತವನು ಎದ್ದು ಬರುತ್ತಾನೆ, ಒಬ್ಬಳಿಗೆ ಇಬ್ಬರು ಗಂಡಂದಿರಿರುತ್ತಾರೆ, ಕೂಲಿಯವನು ಕಡೆಗೆ ಜಮೀನ್ದಾರನ ಮಗನಾಗುತ್ತಾನೆ. ಬದುಕು ಎಲ್ಲಾದರೂ ಹೀಗಿರುತ್ತದೆಯೇ?’

ಮೊದಲು ತಪ್ಪೊಪ್ಪಿಗೆ. ಕಥೆಯ ಆಯ್ಕೆಯಲ್ಲಿ ನಾವು ಎಡವಿದೆವು. ಮೆಲ್ಬರ್ನ್‌ನ ‘ಆಸ್ಟ್ರೇಲಿಯನ್ ಜರ್ನಲ್’ನಲ್ಲಿ ಬಂದ ಕಥೆ ಅದು, ನಡೆಯುವುದು ಮಾತ್ರ ಲಂಡನ್ನಿನಲ್ಲಿ. ಚಿನ್ನದ ಗಣಿಯ ಧೂಳು ಮೆತ್ತಿಕೊಂಡ ಕಥೆಗಳನ್ನು ಬಿಟ್ಟು ಇದಕ್ಕೆ ಕೈ ಹಾಕಿದ್ದು ನನ್ನದೇ ಚಪಲ. ಆ ಕೆಂಪು-ಬಿಳಿ ನನ್ನನ್ನು ಮರುಳು ಮಾಡಿತು.

ಆದರೆ ನಿಮ್ಮ ಕೊನೆಯ ಪ್ರಶ್ನೆಯನ್ನು ನಾನು ಅಷ್ಟು ಸುಲಭಕ್ಕೆ ಬಿಡಲಾರೆ.

ಸತ್ತವನು ಎದ್ದು ಬರುವುದನ್ನೇ ನೋಡಿ. 1854ರಲ್ಲಿ ರೋಜರ್ ಟಿಚ್‌ಬೋರ್ನ್ ಎಂಬ ಇಂಗ್ಲಿಷ್ ಸಿರಿವಂತರ ಮನೆಯ ಮಗ ಹಡಗಿನೊಂದಿಗೇ ಸಮುದ್ರದ ಪಾಲಾದ. ತಾಯಿ ಅದನ್ನು ನಂಬಲಿಲ್ಲ. ಆಸ್ಟ್ರೇಲಿಯದ ಪತ್ರಿಕೆಗಳಿಗೂ ಜಾಹೀರಾತು ಕೊಟ್ಟಳು. 1866ರಲ್ಲಿ ಅಲ್ಲಿನ ವಾಗಾ ವಾಗಾ ಊರಿನ ಕಟುಕನೊಬ್ಬ ‘ಆ ಮಗ ನಾನೇ’ ಎಂದ. ಕಳೆದುಹೋದವನು ಸಣಕಲ, ಫ್ರೆಂಚ್ ಮಾತಾಡುತ್ತಲೇ ಬೆಳೆದವನು. ಇವನೋ ದಢೂತಿ ಆಸಾಮಿ, ಫ್ರೆಂಚಿನ ಗಂಧಗಾಳಿ ಇಲ್ಲ. ಆದರೂ ಪ್ಯಾರಿಸ್ಸಿನಲ್ಲಿ ತಾಯಿ ಅವನನ್ನು ಮಗನೆಂದೇ ಒಪ್ಪಿಕೊಂಡಳು! 1874ರಲ್ಲಿ ಕೋರ್ಟು ಅದೆಲ್ಲ ಸುಳ್ಳೆಂದು ಅವನಿಗೆ 14 ವರ್ಷ ಜೈಲು ವಿಧಿಸಿತು. ಇದನ್ನೇ ಯಾರಾದರೂ ಧಾರಾವಾಹಿ ಮಾಡಿ ಕಳಿಸಿದ್ದರೆ ‘ನಂಬುವ ಹಾಗಿಲ್ಲ’ ಎಂದು ನಾನೇ ವಾಪಸು ಕಳಿಸುತ್ತಿದ್ದೆ.

1851ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯಾ ವಸಾಹತಿನಲ್ಲಿ ಚಿನ್ನ ಸಿಕ್ಕಿದ್ದೇ ತಡ, ಜಗತ್ತಿನ ಮೂಲೆಮೂಲೆಯಿಂದ ಜನ ಬಂದಿಳಿದರು. ಪಕ್ಕದ ಡೇರೆಯವನ ನಿಜವಾದ ಹೆಸರೇನು, ಊರಲ್ಲಿ ಹೆಂಡತಿ ಇದ್ದಾಳೋ ಇಲ್ಲವೋ, ಯಾರಿಗೆ ಗೊತ್ತು? 1865ರ ಸೆಪ್ಟೆಂಬರ್ 2ರಂದು ಶುರುವಾದ ‘ಆಸ್ಟ್ರೇಲಿಯನ್ ಜರ್ನಲ್’ನ ಓದುಗರು ಇಂಥವರೇ. ಮೊದಲ ಸಂಚಿಕೆಯಲ್ಲೇ ಎಲೆನ್ ಡೇವಿಟ್ ಬರೆದ ಕೊಲೆಯ ಧಾರಾವಾಹಿ. ಐದು ವರ್ಷದ ಮೇಲೆ ಅದೇ ಪುಟಗಳಲ್ಲಿ ಮಾರ್ಕಸ್ ಕ್ಲಾರ್ಕ್‌ನ ಕೈದಿಯ ಕಥೆ ಶುರುವಾಗಿ, ಎಳೆದೂ ಎಳೆದೂ 1872ರ ಜೂನಿಗೆ ಮುಗಿಯಿತು. 1874ರಲ್ಲಿ ಪುಸ್ತಕವಾಗುವಾಗ ಅವನೇ ಕತ್ತರಿ ಆಡಿಸಿದ. ಧಾರಾವಾಹಿಯಲ್ಲಿ ಬದುಕುಳಿದ ನಾಯಕ ಪುಸ್ತಕದಲ್ಲಿ ಬಿರುಗಾಳಿಗೆ ಸಿಕ್ಕಿ ಸತ್ತ.

ಇನ್ನು ನೀವು ಬೈದ ಕಥೆಯ ಲೇಖಕಿ. ‘ವೇಫ್ ವಾಂಡರ್’, ಅಂದರೆ ಅಲೆಮಾರಿ ಅನಾಥೆ ಎಂಬ ಕಾವ್ಯನಾಮದ ಹಿಂದೆ ಇದ್ದವಳು ಮೇರಿ ಫಾರ್ಚೂನ್. ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿ, ಕೆನಡಾದಲ್ಲಿ ಮದುವೆಯಾಗಿ, 1855ರಲ್ಲಿ ಗಂಡನನ್ನು ಅಲ್ಲೇ ಬಿಟ್ಟು ಮಗುವಿನೊಡನೆ ಚಿನ್ನದ ಗಣಿಗಳಿಗೆ ಬಂದಳು. 1858ರಲ್ಲಿ ತಾನು ವಿಧವೆ ಎಂದು ಹೇಳಿ ಕುದುರೆ ಪೊಲೀಸಿನವನೊಬ್ಬನನ್ನು ಕಟ್ಟಿಕೊಂಡಳು. ಮೊದಲ ಗಂಡ ಕೆನಡಾದಲ್ಲಿ ಇನ್ನೂ ಬದುಕೇ ಇದ್ದ! ವಿಕ್ಟೋರಿಯಾ ವಸಾಹತಿಗೆ ವಿಚ್ಛೇದನದ ಕಾನೂನು ಬಂದದ್ದು 1861ರಲ್ಲಿ. ಸುಳ್ಳು ಹೇಳದೆ ಅವಳು ಇನ್ನೇನು ಮಾಡಬೇಕಿತ್ತು? ಪೊಲೀಸ್ ಗಂಡನೊಂದಿಗಿನ ಸಂಸಾರ ಬಹುಕಾಲ ನಡೆಯಲಿಲ್ಲ, ಆದರೆ ಠಾಣೆಯ ಒಳಗುಟ್ಟು ಅವಳಿಗೆ ದಕ್ಕಿದ್ದು ಅಲ್ಲಿಂದಲೇ ಇರಬೇಕು. 1868ರಿಂದ 1908ರವರೆಗೆ, ನಲವತ್ತು ವರ್ಷ, ಐನೂರಕ್ಕೂ ಹೆಚ್ಚು ಪತ್ತೇದಾರಿ ಕಥೆ ಬರೆದಳು. ಬರೆದವಳು ಹೆಂಗಸೆಂದು ಎಷ್ಟೋ ಓದುಗರಿಗೆ ಸುಳಿವೇ ಇರಲಿಲ್ಲ. ಅವಳ ಒಬ್ಬ ಮಗ ಮುಂದೆ ತಿಜೋರಿ ಒಡೆಯುವ ಕಳ್ಳನಾದ. ತಾಯಿ ಪತ್ತೇದಾರಿ ಕಥೆ ಬರೆಯುವುದು, ಮಗ ಜೈಲು ಸೇರುವುದು: ನಿಮ್ಮ ದೃಷ್ಟಿಯಲ್ಲಿ ಇದೂ ಅತಿನಾಟಕವೇ ತಾನೇ?

ಅವಳ ಭಾವಚಿತ್ರ ನಾನು ಎಲ್ಲೂ ನೋಡಿಲ್ಲ. ಅವಳು ಹೇಗಿದ್ದಳೆಂದು ಹೇಳುವುದು 1874ರ ಒಂದು ಪೊಲೀಸ್ ಪ್ರಕಟಣೆ. ಅತ್ಯಾಚಾರದ ಮೊಕದ್ದಮೆಯೊಂದರಲ್ಲಿ ಸಾಕ್ಷಿ ಹೇಳಲು ಒಲ್ಲದೆ ತಪ್ಪಿಸಿಕೊಂಡವಳನ್ನು ಹುಡುಕಲು ಹೊರಡಿಸಿದ್ದು. ವಯಸ್ಸು 40, ಎತ್ತರದ ಆಳು, ಬಿಳಿಚಿಕೊಂಡ ಮುಖ, ತೆಳ್ಳಗಿನ ಮೈ, ಕಡುಬಣ್ಣದ ಜಾಕೆಟ್ಟು, ಕಪ್ಪು ಟೋಪಿ, ಬದಿಗೆ ಎಲಾಸ್ಟಿಕ್ ಇರುವ ಹಳೆಯ ಬೂಟು. ಕುಡಿತ ಜಾಸ್ತಿ, ಹಲವು ಸಲ ಒಳಗೆ ಹಾಕಿದ್ದೂ ಉಂಟು, ಪತ್ರಿಕೆಗಳಿಗೆ ಬರೆಯುತ್ತಾಳೆ. ಅದೇ ತಿಂಗಳುಗಳಲ್ಲಿ ಅವಳ ಪತ್ತೇದಾರ ಮಾತ್ರ ಪತ್ರಿಕೆಯ ಪುಟಗಳಲ್ಲಿ ಬೇರೆಯವರನ್ನು ಹಿಡಿಯುತ್ತಲೇ ಇದ್ದ.

ಹಾಗೆಂದು ಐನೂರೂ ರತ್ನಗಳೆಂದು ನಾನು ಹೇಳುತ್ತಿಲ್ಲ. ಬಾಡಿಗೆ ಕಟ್ಟಲು ಬರೆದ ಗೋಣಿಚೀಲದಂಥ ಕಥೆಗಳೂ ಇವೆ. ಆ ಕಾಲದ ಇಂಥ ಪತ್ರಿಕೆಗಳಲ್ಲಿ ಗಣಿಯ ಚೀನೀಯರನ್ನೂ ಆ ನೆಲದ ಮೂಲನಿವಾಸಿಗಳನ್ನೂ ಚಿತ್ರಿಸುವ ರೀತಿ ಓದಿದರೆ ಇವತ್ತು ಮೈ ಉರಿಯುತ್ತದೆ. ಮೂರ್ಛೆಗಳ ಬಗ್ಗೆ ನಿಮ್ಮ ಮಾತು ಪೂರ್ತಿ ಸರಿ.

ಮುಂದಿನ ಸಂಚಿಕೆಗೆ ಅವಳ ಪತ್ತೇದಾರಿ ಕಥೆಯೊಂದನ್ನು ಅನುವಾದ ಮಾಡಿಸುತ್ತಿದ್ದೇವೆ. ಈ ಸಲ ಆರೇ ಪುಟ. ಬೈಯುವುದಿದ್ದರೆ ಮತ್ತೆ ಮೂರು ಪುಟ ಬರೆಯಿರಿ. ನಿಮ್ಮ ಕೈಬರಹ ಚೆನ್ನಾಗಿದೆ.