ಸ್ಯಾಪ್, ಒರಾಕಲ್, ಸ್ವಂತ ತಂತ್ರಾಂಶ: ಆಫ್ರಿಕಾದ ಸರ್ಕಾರಿ ಖಜಾನೆಯಲ್ಲಿ ಕಳ್ಳತನ ತಡೆಯುವುದು ಯಾವುದು?

ಕರ್ನಾಟಕ ಸರ್ಕಾರದ ಖಜಾನೆ ವ್ಯವಸ್ಥೆಯಾದ ಖಜಾನೆ-2ರಲ್ಲಿ ಕೆಲಸ ಮಾಡಿ ಈಗ ಪೂರ್ವ ಆಫ್ರಿಕಾದ ಇಫ್ಮಿಸ್ (ಸರ್ಕಾರದ ಬಜೆಟ್, ಪಾವತಿ, ಲೆಕ್ಕ ಎಲ್ಲವನ್ನೂ ಒಂದೆಡೆ ನಡೆಸುವ ವ್ಯವಸ್ಥೆ) ಯೋಜನೆಗೆ ಹೊರಟಿದ್ದೀರಿ. ಸ್ಯಾಪ್, ಒರಾಕಲ್, ಅಲ್ಲಿಯವರೇ ಕಟ್ಟಿಕೊಂಡ ತಂತ್ರಾಂಶ, ಮೂರರಲ್ಲಿ ಯಾವುದನ್ನು ಶಿಫಾರಸು ಮಾಡಲಿ ಎಂದು ಕೇಳಿದ್ದೀರಿ. ಈ ಕ್ಷೇತ್ರಕ್ಕೆ ಬಂದಾಗ ನನ್ನ ತಲೆಯಲ್ಲಿದ್ದದ್ದೂ ಇದೇ ಪ್ರಶ್ನೆ. ಈಗ ಇದು ತಪ್ಪು ಪ್ರಶ್ನೆ ಎಂದೇ ಹೇಳುತ್ತೇನೆ. ಕಾರಣ ಮಲಾವಿ.

ಮಲಾವಿಯಲ್ಲಿ ಇಫ್ಮಿಸ್ ಇತ್ತು. ಬಜೆಟ್, ಬಿಲ್ಲು, ಪಾವತಿ, ಲೆಡ್ಜರ್ ಎಲ್ಲವೂ ಎಪಿಕಾರ್ ತಂತ್ರಾಂಶದ ಮೇಲೆ ನಡೆಯುತ್ತಿತ್ತು, ಚೆಕ್ಕುಗಳೂ ಅದರಿಂದಲೇ ಮುದ್ರಣವಾಗುತ್ತಿದ್ದವು. ಹೀಗಿದ್ದೂ 2013ರ ಸೆಪ್ಟೆಂಬರಿನಲ್ಲಿ ರಾಜಧಾನಿ ಲಿಲಾಂಗ್ವೆಯಲ್ಲಿ ಸಣ್ಣ ಹುದ್ದೆಯ ಸರ್ಕಾರಿ ನೌಕರರ ಬಳಿ ನೋಟಿನ ಕಂತೆಗಳು ಸಿಕ್ಕವು. ಅದೇ ತಿಂಗಳು ಹಣಕಾಸು ಇಲಾಖೆಯ ಬಜೆಟ್ ನಿರ್ದೇಶಕರ ಮೇಲೆ ಮನೆಯ ಬಳಿಯೇ ಗುಂಡಿನ ದಾಳಿಯಾಯಿತು, ಅವರು ಬದುಕಿಕೊಂಡರು. ಈ ಹಗರಣಕ್ಕೆ ಕ್ಯಾಶ್‌ಗೇಟ್ ಎಂಬ ಹೆಸರು ಬಿತ್ತು. ಬ್ರಿಟನ್ನಿನ ಲೆಕ್ಕಪರಿಶೋಧನಾ ಸಂಸ್ಥೆ ಬೇಕರ್ ಟಿಲ್ಲಿ ವಂಚನೆ ಪತ್ತೆಗೆಂದು ನಡೆಸಿದ ಫೊರೆನ್ಸಿಕ್ ಆಡಿಟ್ ಆ ವರ್ಷದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರೇ ತಿಂಗಳನ್ನು ನೋಡಿತು. ನೇರ ಕಳವು, ದಾಖಲೆಯಿಲ್ಲದ ಪಾವತಿ, ಉಬ್ಬಿಸಿದ ಬೆಲೆಯ ಖರೀದಿ ಎಲ್ಲ ಸೇರಿ ಸಿಕ್ಕಿದ್ದು ಸುಮಾರು 1,370 ಕೋಟಿ ಕ್ವಾಚಾ (ಅಲ್ಲಿನ ನಾಣ್ಯ) ಅಕ್ರಮ. ದಾನಿ ದೇಶಗಳು ಬಜೆಟ್ ನೆರವನ್ನು ನಿಲ್ಲಿಸಿದವು. ಆ ನೆರವನ್ನೇ ನೆಚ್ಚಿಕೊಂಡಿದ್ದ ಬಡ ದೇಶಕ್ಕೆ ಅದು ಎಂಥ ಹೊಡೆತ ಎಂದು ಬಿಡಿಸಿ ಹೇಳಬೇಕಿಲ್ಲ.

ಕದ್ದ ರೀತಿ ತೀರಾ ಸರಳ. ಸರಕನ್ನೇ ಪೂರೈಸದ ಕಂಪನಿಯ ಹೆಸರಿಗೆ ಇಫ್ಮಿಸ್‌ನಲ್ಲಿ ಪಾವತಿ ಹಾಕುವುದು. ಆ ಇಲಾಖೆಯ ಬಜೆಟ್ ಸಾಲದಿದ್ದರೆ ಬೇರೆ ಇಲಾಖೆಯದನ್ನು ಅಲ್ಲಿಗೆ ವರ್ಗಾಯಿಸುವುದು. ಚೆಕ್ಕು ಮುದ್ರಿಸಿ ನಗದು ಮಾಡಿಕೊಳ್ಳುವುದು. ಆಮೇಲೆ ಆ ಪಾವತಿಯನ್ನು ವ್ಯವಸ್ಥೆಯಿಂದಲೇ ಅಳಿಸಿಹಾಕುವುದು.

ಈ ಕೊನೆಯ ಹೆಜ್ಜೆಯನ್ನು ಸ್ವಲ್ಪ ನಿಧಾನವಾಗಿ ನೋಡಿ. ಒಂದು ಪಾವತಿಯನ್ನು ಪೂರ್ತಿ ಅಳಿಸಿದರೆ ಅದರ ಡೆಬಿಟ್ಟೂ ಹೋಗುತ್ತದೆ, ಕ್ರೆಡಿಟ್ಟೂ ಹೋಗುತ್ತದೆ. ಡೆಬಿಟ್ಟು ಕ್ರೆಡಿಟ್ಟುಗಳ ಒಟ್ಟು ಸಮ ಇದೆಯೇ ಎಂದು ನೋಡುವ ಟ್ರಯಲ್ ಬ್ಯಾಲೆನ್ಸ್ ಎಂದಿನಂತೆ ಕರಾರುವಾಕ್ಕಾಗಿ ಸರಿಹೊಂದುತ್ತದೆ. ಖರ್ಚು ಇಲ್ಲವಾದ್ದರಿಂದ ಬಜೆಟ್ ಶೀರ್ಷಿಕೆಯಲ್ಲಿ ಹಣ ಮತ್ತೆ ಲಭ್ಯ ಎಂದು ಕಾಣುತ್ತದೆ, ಅಂದರೆ ಅದೇ ಬಜೆಟ್ಟಿನ ಮೇಲೆ ಇನ್ನೊಮ್ಮೆ ಕದಿಯಬಹುದು. ತಿಂಗಳ ಖರ್ಚಿನ ವರದಿಯಲ್ಲೂ ಏನೂ ಸಿಗದು, ಏಕೆಂದರೆ ವರದಿ ಹುಟ್ಟುವುದೇ ಆ ಲೆಡ್ಜರಿನಿಂದ. ಕಳ್ಳನ ಕೈಗೆ ಎಟುಕದ ಸಾಕ್ಷಿ ಒಂದೇ: ಬ್ಯಾಂಕಿನ ಸ್ಟೇಟ್‌ಮೆಂಟ್. ಹಣ ಹೋಗಿದ್ದು ಅಲ್ಲಿ ಅಚ್ಚೊತ್ತಿರುತ್ತದೆ. ಅದನ್ನು ಲೆಡ್ಜರಿನೊಂದಿಗೆ ಹೊತ್ತುಹೊತ್ತಿಗೆ ತಾಳೆ ಹಾಕುವ ಕೆಲಸ ಮಲಾವಿಯಲ್ಲಿ ಬಿದ್ದುಹೋಗಿತ್ತು. ತಪ್ಪು ಇದೊಂದೇ ಎನ್ನುವಷ್ಟು ದೊಡ್ಡ ತಪ್ಪು ಇದು. ಅಳಿಸಲು ಬಿಟ್ಟಿದ್ದು ತಂತ್ರಾಂಶದ ಸೆಟ್ಟಿಂಗಿನ ದೋಷ ಇರಬಹುದು. ಆದರೆ ತಾಳೆ ದಿನವೂ ನಡೆದಿದ್ದರೆ ಮೊದಲ ಚೆಕ್ಕೇ ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಬಂದು ಕೂರುತ್ತಿತ್ತು.

ತಾಳೆಯಲ್ಲೂ ದಿಕ್ಕು ಮುಖ್ಯ. ಸರಿಹೊಂದದ ಸಾಲುಗಳು ಎರಡು ಬಗೆ. ಲೆಡ್ಜರಿನಲ್ಲಿದ್ದು ಬ್ಯಾಂಕಿನಲ್ಲಿಲ್ಲದವು ಸಾಮಾನ್ಯವಾಗಿ ಇನ್ನೂ ನಗದಾಗದ ಚೆಕ್ಕುಗಳು, ಅವು ಕಾಯಬಹುದು. ಬ್ಯಾಂಕಿನಲ್ಲಿದ್ದು ಲೆಡ್ಜರಿನಲ್ಲಿಲ್ಲದವು ಅಪಾಯದವು. ಕ್ಯಾಶ್‌ಗೇಟ್‌ನಲ್ಲಿ ಅಳಿಸಿದ ಪಾವತಿಗಳು ಈ ಎರಡನೆಯ ಪಟ್ಟಿಗೇ ಸೇರುವಂಥವು. ಎರಡನ್ನೂ ಒಂದೇ ವರದಿಯಲ್ಲಿ ಬೆರೆಸಿ 'ಶೇಕಡಾ 97 ತಾಳೆಯಾಗಿದೆ' ಎಂದು ಮೇಲಕ್ಕೆ ಕಳಿಸಿದರೆ, ಕಳವು ಉಳಿದ 3ರಲ್ಲಿ ನೆಮ್ಮದಿಯಾಗಿ ಕೂತಿರುತ್ತದೆ. ಎರಡನೆಯ ಪಟ್ಟಿ ಪ್ರತಿದಿನ ಬೇರೆಯಾಗಿ ಬರಬೇಕು, ಪಾವತಿ ವಿಭಾಗದ ಮುಖ್ಯಸ್ಥರ ಕೆಳಗಿಲ್ಲದ ಒಬ್ಬ ಅಧಿಕಾರಿಯ ಕೈಗೆ ಹೋಗಬೇಕು.

ನೀವು ಅಲ್ಲಿ ಮಾಡಬೇಕಾದ ಕೆಲಸಕ್ಕೆ ಬರುತ್ತೇನೆ. ಸ್ಟೇಟ್‌ಮೆಂಟ್ ಕೇಂದ್ರ ಬ್ಯಾಂಕಿನಿಂದ ನೇರವಾಗಿ ವ್ಯವಸ್ಥೆಗೆ ಇಳಿಯಬೇಕು, ಯಾರೋ ಎಕ್ಸೆಲ್ ಹಾಳೆ ಮಾಡಿ ಪೆನ್‌ಡ್ರೈವಿನಲ್ಲಿ ತರಬಾರದು. ಅದು ಬ್ಯಾಂಕುಗಳ ಸಂದೇಶ ಜಾಲವಾದ ಸ್ವಿಫ್ಟ್‌ನ ಎಂಟಿ 940 ಎಂಬ ಸ್ಟೇಟ್‌ಮೆಂಟ್ ಮಾದರಿಯಲ್ಲಿ ಬರುವುದಾದರೆ ಇಂದಿನ 60ಎಫ್ ಕ್ಷೇತ್ರದ ಆರಂಭಿಕ ಶಿಲ್ಕು ನಿನ್ನೆಯ 62ಎಫ್‌ನ ಅಂತಿಮ ಶಿಲ್ಕಿಗೆ ಸಮ ಇದೆಯೇ ಎಂದು ತಂತ್ರಾಂಶವೇ ನೋಡಲಿ. ಮಧ್ಯೆ ಒಂದು ದಿನದ ಫೈಲು ಬಿಟ್ಟುಹೋದರೂ, ಯಾರಾದರೂ ತಿದ್ದಿದರೂ, ಆ ಕೊಂಡಿ ಸಾಮಾನ್ಯವಾಗಿ ಅಲ್ಲೇ ಕಳಚುತ್ತದೆ.

ಮುಂದಿನದು ಉಲ್ಲೇಖ ಸಂಖ್ಯೆ. ತಾಳೆ ಸೋಲುವುದು ಹೆಚ್ಚಾಗಿ ಇಲ್ಲಿ. ಎಂಟಿ 940ರ 61ನೇ ಕ್ಷೇತ್ರದಲ್ಲಿ ನಿಮ್ಮ ಉಲ್ಲೇಖಕ್ಕೆ ಸಿಗುವುದು 16 ಅಕ್ಷರ ಮಾತ್ರ. ಸರ್ಕಾರಿ ವೋಚರ್ ಸಂಖ್ಯೆಯಲ್ಲಿ ಇಲಾಖೆ, ಶೀರ್ಷಿಕೆ, ವರ್ಷ, ಕ್ರಮಾಂಕ, ನಡುವೆ ಓರೆಗೆರೆಗಳು ಎಲ್ಲ ಸೇರಿ 20 ದಾಟುತ್ತದೆ. ಕತ್ತರಿಸಿಹೋಗುವುದು ಬಾಲ, ಬಾಲದಲ್ಲಿರುವುದೇ ಕ್ರಮಾಂಕ. ಆಗ ನೂರಾರು ಸಾಲುಗಳು ಒಂದೇ ಉಲ್ಲೇಖ ಹೊತ್ತು ಬರುತ್ತವೆ, ಗುಮಾಸ್ತರು ಮೊತ್ತ ನೋಡಿ ಅಂದಾಜಿನಲ್ಲಿ ಜೋಡಿಸಲು ಶುರು ಮಾಡುತ್ತಾರೆ. ಹಾಗಾಗಿ ವೋಚರ್ ಸಂಖ್ಯೆಯನ್ನು ಕಳಿಸಬೇಡಿ. ಪಾವತಿಗೆಂದೇ ಓರೆಗೆರೆಯಿಲ್ಲದ, 12ರಿಂದ 14 ಅಂಕಿಯ, ಮತ್ತೆಂದೂ ಬಳಸದ ಸಂಖ್ಯೆಯೊಂದನ್ನು ಹುಟ್ಟಿಸಿ, ಕೊನೆಯ ಅಂಕಿ ಉಳಿದ ಅಂಕಿಗಳಿಂದ ಲೆಕ್ಕ ಹಾಕಿದ, ಟೈಪಿಂಗ್ ತಪ್ಪು ಹಿಡಿಯುವ ಪರಿಶೀಲನಾ ಅಂಕಿಯಾಗಲಿ. ಟಾಂಜಾನಿಯಾ ಸರ್ಕಾರಕ್ಕೆ ಬರುವ ಹಣದ ವಿಷಯದಲ್ಲಿ ಇದನ್ನು ಚೆನ್ನಾಗಿ ಮಾಡಿದೆ: 2017ರಿಂದ ಸರ್ಕಾರಕ್ಕೆ ಹಣ ಕಟ್ಟುವ ಅದರ ಜಿಇಪಿಜಿ ಗೇಟ್‌ವೇಯಲ್ಲಿ ಪ್ರತಿ ಬಿಲ್ಲಿಗೂ ಮೊದಲೇ ಕಂಟ್ರೋಲ್ ನಂಬರ್ ಸಿಗುತ್ತದೆ, ನಾಗರಿಕರು ಬ್ಯಾಂಕಿನಲ್ಲೋ ಮೊಬೈಲಿನಲ್ಲೋ ಆ ಸಂಖ್ಯೆಗೇ ಕಟ್ಟುತ್ತಾರೆ. ಹಣಕ್ಕಿಂತ ಮೊದಲು ಗುರುತು ಹುಟ್ಟಿರುತ್ತದೆ. ಅಂದಹಾಗೆ, ಟಾಂಜಾನಿಯಾದ ಖರ್ಚಿನ ಲೆಕ್ಕವೂ ವರ್ಷಗಟ್ಟಲೆ ಎಪಿಕಾರ್ ಮೇಲೆಯೇ ನಡೆದಿತ್ತು. ತಾವೇ ಕಟ್ಟಿಕೊಂಡ 'ಮೂಸೆ' (MUSE) ಎಂಬ ತಂತ್ರಾಂಶಕ್ಕೆ ಹೋದದ್ದು ಆಮೇಲೆ.

ಅಳಿಸುವ ಅಧಿಕಾರ ಯಾರಿಗೂ ಬೇಡ, ತಂತ್ರಾಂಶ ಕೊಟ್ಟ ಕಂಪನಿಯ ಡೇಟಾಬೇಸ್ ನಿರ್ವಾಹಕರಿಗೂ ಬೇಡ. ತಪ್ಪಾದರೆ ಹಳೆಯದನ್ನು ಉಳಿಸಿಕೊಂಡೇ ಅದಕ್ಕೆ ವಿರುದ್ಧವಾಗಿ ಹಾಕುವ ರಿವರ್ಸಲ್ ನಮೂದು, ಅದಕ್ಕೆ ಇಬ್ಬರ ಅನುಮೋದನೆ. ಡೇಟಾಬೇಸಿನ ಲಾಗ್ ಆ ಕ್ಷಣವೇ ಆಡಿಟರ್ ಜನರಲ್ ಕಚೇರಿಯ ಸರ್ವರಿಗೆ ಹೋಗಲಿ. ಅಲ್ಲಿ ಪಾವತಿಯನ್ನೇ ನಡೆಸುವ ಅಕೌಂಟೆಂಟ್ ಜನರಲ್ ಕಟ್ಟಡದಲ್ಲೇ ಇದ್ದರೆ ಲಾಗೂ ಅಳಿಯಬಹುದು. ಪಾಸ್‌ವರ್ಡ್ ಒಂದನ್ನೇ ನಂಬಬೇಡಿ. ಕೀನ್ಯಾದ ಇಫ್ಮಿಸ್ ಒರಾಕಲ್ ಮೇಲಿದೆ. ಅಲ್ಲಿನ ರಾಷ್ಟ್ರೀಯ ಯುವ ಸೇವೆಯ ಖಾತೆಯಿಂದ 79.1 ಕೋಟಿ ಶಿಲ್ಲಿಂಗ್ ಹೋದ ಪ್ರಕರಣ 2015ರಲ್ಲಿ ಹೊರಬಿದ್ದಾಗ, ಅಧಿಕಾರಿಗಳ ಪಾಸ್‌ವರ್ಡ್ ದುರ್ಬಳಕೆಯ ಆರೋಪವೇ ಮುಂದೆ ಬಂತು.

ಹಳೆಯ ಬಾಕಿ ಸಾಲುಗಳನ್ನು ಬಗೆಹರಿಸಿಯೇ ಹೊಸ ತಾಳೆ ಶುರು ಮಾಡೋಣ ಎಂದು ಅಲ್ಲಿ ಖಂಡಿತ ಯಾರಾದರೂ ಹೇಳುತ್ತಾರೆ. ಒಪ್ಪಬೇಡಿ. ಅದು ಎಂದಿಗೂ ಮುಗಿಯುವುದಿಲ್ಲ, ಕೊನೆಗೆ ಉಳಿದ ವ್ಯತ್ಯಾಸವನ್ನು ಲೆಕ್ಕ ಸಿಗದ ಮೊತ್ತ ಇಡುವ ಸಸ್ಪೆನ್ಸ್ ಖಾತೆಗೆ ಒಂದು ಜರ್ನಲ್ ನಮೂದು ಹಾಕಿ ಮುಚ್ಚುತ್ತಾರೆ. ಒಂದು ತಾರೀಖು ಗೊತ್ತುಮಾಡಿ, ಅದಕ್ಕಿಂತ ಹಿಂದಿನ ಸಾಲುಗಳ ಪಟ್ಟಿಯನ್ನು ಹಾಗೆಯೇ ಬೀಗ ಹಾಕಿ ಆಡಿಟರಿಗೆ ಕೊಡಿ. ಆ ತಾರೀಖಿನಿಂದ ಒಂದು ಸಾಲೂ ಬಿಡಬೇಡಿ.

ಚೆಕ್ಕಿನಿಂದ ಇಎಫ್‌ಟಿಗೆ (ಖಾತೆಯಿಂದ ಖಾತೆಗೆ ನೇರ ವಿದ್ಯುನ್ಮಾನ ವರ್ಗಾವಣೆಗೆ) ಹೋದ ಮೇಲೆ ಹೊಸ ತೊಂದರೆಯೊಂದು ಎದುರಾಗುತ್ತದೆ: ಮುಚ್ಚಿದ ಖಾತೆಗೆ ಕಳಿಸಿದ ಹಣ ವಾಪಸು ಬರುವುದು. ವಾಪಸು ಬಂದ ಕ್ರೆಡಿಟ್ಟು ಮೂಲ ಪಾವತಿಯ ಉಲ್ಲೇಖವನ್ನೇ ಹೊತ್ತಿದ್ದರೆ ತಂತ್ರಾಂಶ ಎರಡನ್ನೂ ತಾನೇ ಜೋಡಿಸಿ ಮರೆಸಿಬಿಡುತ್ತದೆ. ಅದಕ್ಕೆ ಬೇರೆಯದೇ ಖಾತೆ ಇರಲಿ, ಮರುಪಾವತಿಗೆ ಹೊಸ ಬ್ಯಾಂಕ್ ಖಾತೆ ಬದಲಿಸುವವರು ಬೇರೆ, ಪಾವತಿ ಒಪ್ಪುವವರು ಬೇರೆ ಇರಲಿ.

ಇಷ್ಟಾದರೂ ಇಫ್ಮಿಸ್ ಒಳಗೆ ಬಾರದ ಹಣ ಕಾಣುವುದಿಲ್ಲ. ಮೊಜಾಂಬಿಕ್‌ನ ಇಫ್ಮಿಸ್ ಆದ ಇ-ಸಿಸ್ತಾಫೆ ಒಳ್ಳೆಯ ವ್ಯವಸ್ಥೆ ಎಂದೇ ಹೆಸರಾಗಿತ್ತು. 2013-14ರಲ್ಲಿ ಸರ್ಕಾರಿ ಕಂಪನಿಗಳು ಸುಮಾರು 200 ಕೋಟಿ ಡಾಲರ್ ಸಾಲ ಎತ್ತಿದವು, ಸರ್ಕಾರ ಸಂಸತ್ತಿಗೆ ತಿಳಿಸದೆ ಖಾತರಿ ಕೊಟ್ಟಿತ್ತು, ಬಹುಪಾಲು ಹೊರಬಿದ್ದದ್ದು 2016ರಲ್ಲಿ. ಖಾತರಿಗಳ ನೋಂದಣಿಯನ್ನು ಯೋಜನೆಯ ವ್ಯಾಪ್ತಿಗೆ ಸೇರಿಸಲು ಈಗಲೇ ಕೇಳಿ, ಟೆಂಡರ್ ಮುಗಿದ ಮೇಲೆ ಯಾರೂ ಸೇರಿಸುವುದಿಲ್ಲ.

ಶಿಫಾರಸು ಬರೆಯುವ ಮೊದಲು ಕಳೆದ ತಿಂಗಳ ಮುಖ್ಯ ಖಾತೆಯ ಸ್ಟೇಟ್‌ಮೆಂಟನ್ನೂ, ಬ್ಯಾಂಕಿನಲ್ಲಿದ್ದು ಲೆಡ್ಜರಿನಲ್ಲಿಲ್ಲದ ಸಾಲುಗಳ ಪಟ್ಟಿಯನ್ನೂ ತರಿಸಿಕೊಳ್ಳಿ. ಒಂದು ವಾರದೊಳಗೆ ಆ ಪಟ್ಟಿ ಬರದಿದ್ದರೆ ತಂತ್ರಾಂಶದ ಆಯ್ಕೆಯನ್ನು ಮುಂದಕ್ಕೆ ಹಾಕಿ, ಮೊದಲ ಆರು ತಿಂಗಳ ಹಣವನ್ನು ತಾಳೆಯ ಕೆಲಸಕ್ಕೇ ಇಡಿ ಎಂದು ಬರೆಯಿರಿ.